ವಯಸ್ಸಿನ ತರಗತಿ, ಕಲಿಕೆಯ ಮೆಟ್ಟಿಲು: ಕನ್ನಡ ನಾಡಿನ ಪ್ರಾಥಮಿಕ ಶಿಕ್ಷಣದಲ್ಲಿ ಮಗುವಿನ ಸಿದ್ಧತೆಯ ಪ್ರಶ್ನೆ

ಮಗುವೊಂದು ಶಾಲೆಯ ಬಾಗಿಲಿಗೆ ಬಂದಾಗ ಶಾಲೆ ಕೇಳಬಹುದಾದ ಪ್ರಶ್ನೆಗಳು ಎರಡು. ಮಗುವಿನ ವಯಸ್ಸು ಎಷ್ಟು ಎಂಬುದು ಒಂದು. ಮಗುವಿಗೆ ಈಗ ಏನು ತಿಳಿದಿದೆ, ಮುಂದೆ ಏನನ್ನು ಕಲಿಯಲು ಅದು ಅಣಿಯಾಗಿದೆ ಎಂಬುದು ಇನ್ನೊಂದು. ಇಂದಿನ ಶಾಲಾ ವ್ಯವಸ್ಥೆ ಬಹುಮಟ್ಟಿಗೆ ಮೊದಲನೆಯ ಪ್ರಶ್ನೆಯ ಮೇಲೆ ನಿಂತಿದೆ. ಒಂದೇ ವಯಸ್ಸಿನವರು ಒಂದೇ ಕೊಠಡಿಯಲ್ಲಿ ಕುಳಿತು, ಒಂದೇ ಪುಸ್ತಕವನ್ನು ಒಂದೇ ವರ್ಷದಲ್ಲಿ ಮುಗಿಸಿ, ಒಟ್ಟಿಗೆ ಮೇಲಿನ ತರಗತಿಗೆ ಹೋಗುವ ಕ್ರಮ ಎಷ್ಟು ರೂಢಿಯಾಗಿದೆಯೆಂದರೆ, ಅದಕ್ಕೂ ಒಂದು ಚರಿತ್ರೆಯಿದೆ ಎಂಬುದು ಸಾಮಾನ್ಯವಾಗಿ ನೆನಪಿಗೆ ಬರುವುದಿಲ್ಲ. ಆದರೆ ಕನ್ನಡ ನಾಡಿನ ಮಟ್ಟಿಗೆ ಈ ಕ್ರಮ ಒಂದೂವರೆ ಶತಮಾನಕ್ಕಿಂತ ಹೆಚ್ಚು ಹಳೆಯದಲ್ಲ. ಅದಕ್ಕೆ ಮೊದಲು ಇದ್ದ ಊರ ಶಾಲೆಗಳು ಎರಡನೆಯ ಪ್ರಶ್ನೆಯನ್ನು ತಮ್ಮದೇ ರೀತಿಯಲ್ಲಿ ಕೇಳುತ್ತಿದ್ದವು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ 'ನಲಿ-ಕಲಿ' ಅದೇ ಪ್ರಶ್ನೆಯನ್ನು ಹೊಸ ನೆಲೆಯಲ್ಲಿ ಮತ್ತೆ ಎತ್ತಿಕೊಂಡಿತು. ಈ ಎರಡು ತುದಿಗಳ ನಡುವಣ ಚರಿತ್ರೆಯನ್ನು ಪರಿಶೀಲಿಸಿ, ವಯಸ್ಸು ಮತ್ತು ಸಿದ್ಧತೆ ಎಂಬ ಎರಡು ಅಳತೆಗೋಲುಗಳು ಯಾರಿಗೆ ಏನನ್ನು ಕೊಟ್ಟವು, ಯಾರಿಂದ ಏನನ್ನು ಕಿತ್ತುಕೊಂಡವು ಎಂಬುದನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮರಳಿನಿಂದ ಕಡತದವರೆಗೆ

ಮದರಾಸಿನ ಗವರ್ನರನಾಗಿದ್ದ ಥಾಮಸ್ ಮನ್ರೋ 1822ರಲ್ಲಿ ತನ್ನ ಆಡಳಿತಕ್ಕೆ ಒಳಪಟ್ಟ ಜಿಲ್ಲೆಗಳಲ್ಲಿನ ದೇಶೀಯ ಶಾಲೆಗಳ ಸ್ಥಿತಿಗತಿಯನ್ನು ಕುರಿತು ಕಲೆಕ್ಟರುಗಳಿಂದ ವರದಿ ಕೇಳಿದನು. ಬಂದ ಉತ್ತರಗಳಲ್ಲಿ ಬಹುಪಾಲು ಅಂಕಿಅಂಶಗಳ ಪಟ್ಟಿಗಳು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ಕಳುಹಿಸಿದ ವರದಿ ಮಾತ್ರ ಶಾಲೆಯ ಒಳಗೆ ಹೊಕ್ಕು ನೋಡಿದ ವರದಿ. ಕನ್ನಡ ಮತ್ತು ತೆಲುಗು ಸೀಮೆಗಳೆರಡನ್ನೂ ಒಳಗೊಂಡಿದ್ದ ಅಂದಿನ ಬಳ್ಳಾರಿ ಜಿಲ್ಲೆಯಲ್ಲಿ 533 ಶಾಲೆಗಳೂ 6,641 ವಿದ್ಯಾರ್ಥಿಗಳೂ ಇದ್ದರೆಂದು ಅದರಲ್ಲಿ ದಾಖಲಾಗಿದೆ. ಈ ಶಾಲೆಗಳಲ್ಲಿ ಕನ್ನಡದವು 235, ತೆಲುಗಿನವು 226. ಉಳಿದವು ಮರಾಠಿ, ಪಾರಸಿ, ಸಂಸ್ಕೃತ, ತಮಿಳು ಶಾಲೆಗಳು. ಇಂಗ್ಲಿಷ್ ಶಾಲೆ ಒಂದೇ ಒಂದು. ಸರಾಸರಿ ನೋಡಿದರೆ ಒಂದು ಶಾಲೆಗೆ ಹನ್ನೆರಡು ಹದಿಮೂರು ಮಕ್ಕಳು. ಕನ್ನಡ ನಾಡಿನ ಬೇರೆ ಬೇರೆ ಸೀಮೆಗಳಲ್ಲಿ ಐಗಳ ಮಠ, ಕೂಲಿಮಠ, ಗಾವಟಿ ಶಾಲೆ, ಜಗಲಿ ಶಾಲೆ ಎಂದು ಹೆಸರಾಗಿದ್ದ ಕಲಿಕೆಯ ನೆಲೆಗಳ ಚಿತ್ರವನ್ನು ಈ ವರದಿಯಿಂದ ಕಟ್ಟಿಕೊಳ್ಳಬಹುದು.

ವರದಿಯ ಪ್ರಕಾರ ಹಿಂದೂ ಮಕ್ಕಳ ವಿದ್ಯಾಭ್ಯಾಸ ಸಾಮಾನ್ಯವಾಗಿ ಐದನೆಯ ವಯಸ್ಸಿನಲ್ಲಿ ತೊಡಗುತ್ತಿತ್ತು. ಮನೆಯಲ್ಲಿ ಗಣಪತಿಯ ಪೂಜೆಯಾಗಿ, ಅಕ್ಕಿಯ ಮೇಲೆ ಬೆರಳಿನಿಂದ ದೇವರ ಹೆಸರನ್ನು ಬರೆಯಿಸಿದ ಮರುದಿನ ಮಗು ಶಾಲೆಗೆ ಬರುತ್ತಿತ್ತು. ವಯಸ್ಸಿನ ಮಾತು ಅಲ್ಲಿಗೆ ಮುಗಿಯಿತು. ಶಾಲೆಯೊಳಗೆ ಮಕ್ಕಳನ್ನು ಸಾಮಾನ್ಯವಾಗಿ ನಾಲ್ಕು ಗುಂಪುಗಳಾಗಿ ವಿಂಗಡಿಸಲಾಗುತ್ತಿತ್ತು. ಒಂದು ಗುಂಪಿನಿಂದ ಮೇಲಿನ ಗುಂಪಿಗೆ ಏರುವುದು ಮಗುವಿನ ಶಕ್ತಿ ಮತ್ತು ಪ್ರಗತಿಯನ್ನು ಅವಲಂಬಿಸಿತ್ತೇ ಹೊರತು ಕಳೆದ ತಿಂಗಳುಗಳನ್ನಲ್ಲ. ಕೆಳಗಿನ ಗುಂಪುಗಳನ್ನು ಭಾಗಶಃ ಮುಂದುವರಿದ ಹುಡುಗರು ನೋಡಿಕೊಳ್ಳುತ್ತಿದ್ದರು; ಮೇಲಿನ ಗುಂಪುಗಳು ಅಯ್ಯಗಳ ನೇರ ನಿಗಾದಲ್ಲಿ ಇರುತ್ತಿದ್ದವು; ಅವರ ಕಣ್ಣು ಇಡೀ ಶಾಲೆಯ ಮೇಲೂ ಇರುತ್ತಿತ್ತು.

ಕಲಿಕೆಯ ಕ್ರಮವೂ ಗಮನಾರ್ಹವಾದುದು. ಮಗು ಅಕ್ಷರವನ್ನು ಮೊದಲು ನೆಲದ ಮರಳಿನ ಮೇಲೆ ಬೆರಳಿನಿಂದ ತಿದ್ದುತ್ತಿತ್ತು. ಕೈ ಚೆನ್ನಾಗಿ ಪಳಗಿದ ಮೇಲೆ ಮಾತ್ರ ಅದಕ್ಕೆ ಮುಂದಿನ ಸಾಧನ ಸಿಗುತ್ತಿತ್ತು: ಓಲೆಯ ಮೇಲೆ ಕಬ್ಬಿಣದ ಕಂಟ, ಕಾಗದದ ಮೇಲೆ ಲಾಳದ ಕಡ್ಡಿ, ಅಥವಾ ಹಲಗೆ ಮತ್ತು ಕಡತದ ಮೇಲೆ ಬಳಪ. ಬಳ್ಳಾರಿ ಸೀಮೆಯಲ್ಲಿ ಹಲಗೆ ಕಡತಗಳೇ ಹೆಚ್ಚು ಬಳಕೆಯಲ್ಲಿದ್ದವು. ಮರಳಿನಿಂದ ಕಡತಕ್ಕೆ ಹೋಗುವುದು ಮಗುವಿನ ಪಾಲಿಗೆ ಒಂದು ಬಡ್ತಿ. ಆ ಬಡ್ತಿಗೆ ನಿಗದಿಯಾದ ದಿನಾಂಕವಿರಲಿಲ್ಲ. ಕೈ ಸಿದ್ಧವಾಯಿತೇ ಎಂಬುದೊಂದೇ ಪರೀಕ್ಷೆ. ಅಕ್ಷರ, ಕಾಗುಣಿತ, ಒತ್ತಕ್ಷರ, ಊರು ಜನರ ಹೆಸರುಗಳು, ಮಗ್ಗಿ, ಲೆಕ್ಕ, ಓಲೆ ಕಾಗದ ಬರೆಯುವುದು ಎಂಬ ಈ ಸಾಲಿನಲ್ಲಿ ಒಬ್ಬ ಹುಡುಗ ಬೇಗ ಮುಂದೆ ಹೋಗಬಹುದಿತ್ತು, ಇನ್ನೊಬ್ಬ ನಿಧಾನವಾಗಿ ಹೋಗಬಹುದಿತ್ತು. ಬಿತ್ತನೆ ಸುಗ್ಗಿಗಳಿಗೆ ಮಗು ಶಾಲೆ ಬಿಟ್ಟರೂ ಮರಳಿ ಬಂದಾಗ ನಿಂತಲ್ಲಿಂದಲೇ ತೊಡಗಲು ಇಂಥ ಏರ್ಪಾಟಿನಲ್ಲಿ ತೊಡಕಿರಲಿಲ್ಲ. ಕಲಿತ ಹುಡುಗ ಕಲಿಯದವನಿಗೆ ಹೇಳಿಕೊಡುತ್ತ ತನ್ನ ತಿಳಿವನ್ನೂ ಗಟ್ಟಿಮಾಡಿಕೊಳ್ಳುವ ವಿಧಾನವನ್ನು ಕ್ಯಾಂಪ್‌ಬೆಲ್ ಮನಸಾರೆ ಮೆಚ್ಚಿದ್ದಾನೆ; ಅದು ಇಂಗ್ಲೆಂಡಿನಲ್ಲಿ ಅನುಕರಣೆಗೆ ಒಳಗಾದುದು ಯುಕ್ತವೇ ಎಂದೂ ಸೂಚಿಸಿದ್ದಾನೆ.

ಈ ಚಿತ್ರವನ್ನು ಸುವರ್ಣಯುಗವೊಂದರ ಚಿತ್ರವೆಂದು ತಿಳಿಯಲು ಅದೇ ವರದಿ ಅವಕಾಶ ಕೊಡುವುದಿಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರು ಬರೆದರೆ, ಮೂರನೆಯವನಿಂದ ತೊಡಗಿ ತಡವಾಗಿ ಬಂದವರಿಗೆ ಕ್ರಮವಾಗಿ ಏರುವ ಏಟುಗಳು ಕಾದಿರುತ್ತಿದ್ದವು. ಓದಿಸುತ್ತಿದ್ದ ಪದ್ಯಗ್ರಂಥಗಳ ಭಾಷೆ ಮಕ್ಕಳಿಗೂ, ಅನೇಕ ಸಲ ಅಯ್ಯಗಳಿಗೂ ಅರ್ಥವಾಗುತ್ತಿರಲಿಲ್ಲ; ಬಾಯಿಪಾಠವೇ ವಿದ್ಯೆಯಾಗಿತ್ತು. ಕೈಯ ಸಿದ್ಧತೆಯನ್ನು ಅಷ್ಟು ಸೂಕ್ಷ್ಮವಾಗಿ ಗಮನಿಸಿದ ಶಾಲೆ ಅರ್ಥಗ್ರಹಣದ ಸಿದ್ಧತೆಯನ್ನು ಗಮನಿಸಲಿಲ್ಲ. ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿತ್ತು. ಒಂಬತ್ತು ಲಕ್ಷಕ್ಕೂ ಮಿಕ್ಕ ಜನಸಂಖ್ಯೆಯ ಜಿಲ್ಲೆಯಲ್ಲಿ ಓದುತ್ತಿದ್ದವರು ಆರೂವರೆ ಸಾವಿರ. ಅವರಲ್ಲಿ ಹಿಂದೂ ಹೆಣ್ಣುಮಕ್ಕಳು 60 ಮಾತ್ರ. ಮುಸಲ್ಮಾನ ಮಕ್ಕಳು 243. ಬಡತನದಿಂದಾಗಿ ಮಕ್ಕಳನ್ನು ಎಳೆಯ ವಯಸ್ಸಿನಲ್ಲೇ ದುಡಿಮೆಗೆ ಹಚ್ಚಬೇಕಾಗಿದೆಯೆಂದೂ, ಹಿಂದೆ ಶಾಲೆಗಳಿದ್ದ ಅನೇಕ ಹಳ್ಳಿಗಳಲ್ಲಿ ಈಗ ಶಾಲೆಗಳೇ ಇಲ್ಲವೆಂದೂ ಕ್ಯಾಂಪ್‌ಬೆಲ್ ಬರೆದಿದ್ದಾನೆ. ಶಾಲೆಯೊಳಗೆ ಬಂದ ಮಗುವಿನ ಹೆಜ್ಜೆಗೆ ತಕ್ಕಂತೆ ನಡೆಯಬಲ್ಲ ಶಾಲೆ ಅದಾಗಿತ್ತು. ಆದರೆ ಒಳಗೆ ಬರಲಾಗದ ಮಗುವಿನ ವಿಷಯದಲ್ಲಿ ಅದಕ್ಕೆ ಯಾವ ಹೊಣೆಯೂ ಇರಲಿಲ್ಲ.

ಇಂಗ್ಲೆಂಡಿಗೆ ಹೋದ ಪದ್ಧತಿ, ಇಂಗ್ಲೆಂಡಿನಿಂದ ಬಂದ ದರ್ಜೆ

ಕ್ಯಾಂಪ್‌ಬೆಲ್ ಸೂಚಿಸಿದ ಅನುಕರಣೆ ಆ ವೇಳೆಗೆ ಹಳೆಯ ಸಂಗತಿಯಾಗಿತ್ತು. ಮದರಾಸಿನ ಎಗ್ಮೋರಿನಲ್ಲಿ 1789ರಲ್ಲಿ ಆರಂಭವಾದ ಗಂಡುಮಕ್ಕಳ ಅನಾಥಾಲಯದ ಮೇಲ್ವಿಚಾರಕನಾಗಿದ್ದ ಪಾದ್ರಿ ಆಂಡ್ರ್ಯೂ ಬೆಲ್, ದೇಶೀಯ ಶಾಲೆಯ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ಅದನ್ನು ತನ್ನ ಶಾಲೆಯಲ್ಲಿ ಬಳಕೆಗೆ ತಂದನು. ಹಿರಿಯ ಹುಡುಗರಿಂದ ಕಿರಿಯರಿಗೆ ಪಾಠ ಹೇಳಿಸಿದನು. ಸ್ವದೇಶಕ್ಕೆ ಮರಳಿದ ಮೇಲೆ 1797ರಲ್ಲಿ ಈ ಪ್ರಯೋಗವನ್ನು ಕುರಿತು ಹೊತ್ತಗೆಯೊಂದನ್ನು ಪ್ರಕಟಿಸಿದನು. ಅದು 'ಮದರಾಸ್ ಪದ್ಧತಿ' ಎಂಬ ಹೆಸರಿನಿಂದ ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಲ್ಲಿ ಹರಡಿತು. ಆದರೆ ಹನ್ನೆರಡು ಮಕ್ಕಳ ಜಗಲಿಯಲ್ಲಿ ಗುರುತಿನ ಮುಖಗಳ ನಡುವೆ ನಡೆಯುತ್ತಿದ್ದ ಸಂಗತಿ, ನೂರಾರು ಮಕ್ಕಳ ಹಜಾರದಲ್ಲಿ ಕಡಿಮೆ ವೆಚ್ಚದ ಕವಾಯತಾಗಿ ಮಾರ್ಪಟ್ಟಿತು.

ಇಂಗ್ಲೆಂಡಿನಿಂದ ಭಾರತಕ್ಕೆ ಮರಳಿ ಬಂದುದು ಬೇರೊಂದು ವ್ಯವಸ್ಥೆ. 1854ರ ವುಡ್ ನಿರೂಪದ ತರುವಾಯ ಪ್ರಾಂತಗಳಲ್ಲಿ ವಿದ್ಯಾ ಇಲಾಖೆಗಳು ಸ್ಥಾಪನೆಯಾದವು. ಮೈಸೂರಿನಲ್ಲಿ 1857ರಲ್ಲಿ ಇಲಾಖೆ ಆರಂಭವಾಯಿತು. ಇಲಾಖೆಯೊಂದಿಗೆ ಇನ್‌ಸ್ಪೆಕ್ಟರು, ಹಾಜರಿ ಪುಸ್ತಕ, ವಾರ್ಷಿಕ ಪರೀಕ್ಷೆ, ಅನುದಾನ ಇವೆಲ್ಲ ಬಂದವು. ಸರ್ಕಾರದ ಹಣ ಖರ್ಚಾದಾಗ ಅದರ ಫಲವನ್ನು ಎಣಿಸಿ ತೋರಿಸಬೇಕಾಗುತ್ತದೆ; ಎಣಿಸಲು ಅನುಕೂಲವಾದ ಘಟಕವೊಂದು ಬೇಕಾಗುತ್ತದೆ. ಆ ಘಟಕದ ಹುಟ್ಟು ಇಂಗ್ಲೆಂಡಿನ 1862ರ ಪರಿಷ್ಕೃತ ಸಂಹಿತೆಯಲ್ಲಿ ಕಾಣುತ್ತದೆ. ರಾಬರ್ಟ್ ಲೋ ರೂಪಿಸಿದ ಈ ಸಂಹಿತೆಯ ಮೊದಲ ಕರಡಿನಲ್ಲಿ ಮಕ್ಕಳನ್ನು ವಯಸ್ಸಿನ ಗುಂಪುಗಳಾಗಿ ವಿಂಗಡಿಸಿ ಪರೀಕ್ಷಿಸುವ ಸಲಹೆಯಿತ್ತು. ಒಂದೇ ವಯಸ್ಸಿನ ಮಕ್ಕಳ ಕಲಿಕೆ ಒಂದೇ ಮಟ್ಟದಲ್ಲಿರುವುದಿಲ್ಲವೆಂಬ ತೀವ್ರ ವಿರೋಧ ಬಂದಾಗ ಅದನ್ನು ಕೈಬಿಟ್ಟು, ಓದು, ಬರೆಹ, ಲೆಕ್ಕಗಳಲ್ಲಿ ಆರು ದರ್ಜೆಗಳನ್ನು ನಿಗದಿಮಾಡಲಾಯಿತು. ಆದರೂ ಒಂದು ಮಗುವನ್ನು ಒಂದೇ ದರ್ಜೆಯಲ್ಲಿ ಎರಡನೆಯ ಸಲ ಪರೀಕ್ಷೆಗೆ ಒಡ್ಡಿ ಅನುದಾನ ಪಡೆಯುವಂತಿರಲಿಲ್ಲ. ಹೀಗಾಗಿ ಒಂದು ದರ್ಜೆಗೆ ಒಂದು ವರ್ಷ ಎಂಬ ಗಂಟು ಬಿದ್ದಿತು. ಬಾಗಿಲಿನಿಂದ ಹೊರಹಾಕಿದ ವಯಸ್ಸು ಕಿಟಕಿಯಿಂದ ಒಳಗೆ ಬಂದಂತಾಯಿತು.

ಫಲಿತಾಂಶಕ್ಕೆ ತಕ್ಕ ಅನುದಾನ ಎಂಬ ಈ ತತ್ತ್ವ ಮದರಾಸು ಮೊದಲಾದ ಪ್ರಾಂತಗಳಲ್ಲಿಯೂ ಜಾರಿಗೆ ಬಂದು, ಕರ್ಜನ್ ಆಡಳಿತದ 1904ರ ನಿರ್ಣಯದ ಹೊತ್ತಿಗೆ ತಿರಸ್ಕೃತವಾಯಿತು. ಅನುದಾನದ ನಿಯಮ ಹೋದರೂ ದರ್ಜೆಯ ಚೌಕಟ್ಟು ಉಳಿಯಿತು. ಮುಂಬಯಿ ಕರ್ನಾಟಕದಲ್ಲಿ ತರಗತಿಗೆ ಮರಾಠಿಯ ಮೂಲಕ ಬಂದ 'ಇಯತ್ತೆ' ಎಂಬ ಹೆಸರು ರೂಢಿಯಾಯಿತು. ಸಂಸ್ಕೃತದಲ್ಲಿ ಆ ಪದಕ್ಕೆ 'ಇಷ್ಟು ಎಂಬ ಅಳತೆ' ಎಂದೇ ಅರ್ಥ. ಇಷ್ಟು ಕಾಲದಲ್ಲಿ ಇಷ್ಟು ಎಂಬ ಅಳತೆ ಶಾಲೆಯ ಬೆನ್ನೆಲುಬಾಯಿತು.

ಈ ಬದಲಾವಣೆಯನ್ನು ಕೇವಲ ನಷ್ಟದ ಲೆಕ್ಕದಲ್ಲಿ ಸೇರಿಸುವುದು ಸರಿಯಲ್ಲ. ಸರ್ಕಾರಿ ಶಾಲೆಯ ಬಾಗಿಲು, ಆಚರಣೆಯಲ್ಲಿ ಎಷ್ಟೇ ಅಡ್ಡಿಗಳಿದ್ದರೂ, ತತ್ತ್ವತಃ ಎಲ್ಲರಿಗೂ ತೆರೆದ ಬಾಗಿಲು. ಐಗಳ ಮಠದಲ್ಲಿ ಅಂಥ ಮಾತು ಇರಲಿಲ್ಲ. ಅಲ್ಲದೆ ಕಡ್ಡಾಯ ಶಿಕ್ಷಣದ ಕಲ್ಪನೆಗೆ ವಯಸ್ಸೇ ಆಧಾರ. ಗೋಪಾಲಕೃಷ್ಣ ಗೋಖಲೆಯವರು 1911ರಲ್ಲಿ ಮಂಡಿಸಿದ ಮಸೂದೆ ಆರರಿಂದ ಹತ್ತು ವರ್ಷದ ಗಂಡುಮಕ್ಕಳನ್ನು ಕುರಿತದ್ದು. ಮೈಸೂರು ಸಂಸ್ಥಾನ 1913ರಲ್ಲಿ ಪ್ರಾಥಮಿಕ ಶಿಕ್ಷಣ ಕಾಯಿದೆಯನ್ನು ತಂದಾಗಲೂ ವಯಸ್ಸಿನ ಮಿತಿಯನ್ನು ಹೇಳಲೇಬೇಕಾಯಿತು. ಸಿದ್ಧತೆಯನ್ನು ಆಧಾರವಾಗಿಟ್ಟುಕೊಂಡು ಯಾರನ್ನೂ ಶಾಲೆಗೆ ಕಳುಹಿಸಿರೆಂದು ಕಾನೂನು ಒತ್ತಾಯಿಸಲಾರದು. ಮಗು ಇನ್ನೂ ಸಿದ್ಧವಾಗಿಲ್ಲ ಎಂಬ ನೆಪ ಪೋಷಕರಿಗೂ ಸುಲಭ, ಸರ್ಕಾರಕ್ಕೂ ಸುಲಭ. ವಯಸ್ಸು ಅಂಥ ನೆಪಕ್ಕೆ ಎಡೆಗೊಡುವುದಿಲ್ಲ. ಹೀಗೆ ವಯಸ್ಸು ಮಗುವಿನ ಹಕ್ಕಿನ ಅಳತೆಯಾಗಿ ಒಳಗೆ ಬಂದಿತು. ಆದರೆ ಒಳಗೆ ಬಂದ ಮೇಲೆ ಅದೇ ಕಲಿಕೆಯ ಅಳತೆಯೂ ಆಯಿತು. ಮುಂದಿನ ತೊಡಕುಗಳೆಲ್ಲ ಈ ಎರಡರ ಬೆರಕೆಯಿಂದ ಹುಟ್ಟಿದವು.

ನಿಂತುಹೋದವರು, ಬಿಟ್ಟುಹೋದವರು

ಬೆರಕೆಯ ಫಲ ಎಂತಹುದೆಂಬುದನ್ನು 1929ರ ಹಾರ್ಟಾಗ್ ಸಮಿತಿಯ ವರದಿ ಅಂಕಿಗಳಲ್ಲಿ ತೋರಿಸಿತು. 1922-23ರಲ್ಲಿ ಬ್ರಿಟಿಷ್ ಭಾರತದ ಶಾಲೆಗಳ ಒಂದನೆಯ ತರಗತಿಯಲ್ಲಿದ್ದ ಪ್ರತಿ ನೂರು ಮಕ್ಕಳಿಗೆ ಪ್ರತಿಯಾಗಿ 1925-26ರಲ್ಲಿ ನಾಲ್ಕನೆಯ ತರಗತಿಯಲ್ಲಿ ಇದ್ದವರು ಹದಿನೆಂಟು ಮಂದಿ ಮಾತ್ರ. ನಾಲ್ಕನೆಯ ತರಗತಿಯ ಮಟ್ಟವನ್ನು ಮುಟ್ಟಿದರೆ ಅಕ್ಷರಜ್ಞಾನ ಉಳಿಯುತ್ತದೆ ಎಂಬುದು ಅಂದಿನ ಎಣಿಕೆ. ಅದರಂತೆ ನೂರರಲ್ಲಿ ಎಂಬತ್ತೆರಡು ಮಕ್ಕಳ ಮೇಲೆ ಮಾಡಿದ ವೆಚ್ಚ ನೀರುಪಾಲು. ಸಮಿತಿ ಇದನ್ನು ಎರಡು ಹೆಸರುಗಳಿಂದ ಕರೆಯಿತು. ಓದು ಮುಗಿಯುವ ಮೊದಲೇ ಶಾಲೆ ಬಿಡುವುದು ಅಪವ್ಯಯ. ಒಂದೇ ತರಗತಿಯಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಉಳಿಯುವುದು ಸ್ಥಗಿತತೆ.

ಈ ಎರಡನೆಯ ಪದ ಪರಿಶೀಲನೆಗೆ ಯೋಗ್ಯವಾಗಿದೆ. 1823ರ ಬಳ್ಳಾರಿಯ ಶಾಲೆಯಲ್ಲಿ ಒಬ್ಬ ಹುಡುಗ ಒಂದೂವರೆ ವರ್ಷ ಮರಳಿನ ಮೇಲೆಯೇ ಬರೆಯುತ್ತಿದ್ದರೆ ಅದನ್ನು ಗುರುತಿಸಲು ಇಲಾಖೆಯ ಪದವೇನೂ ಇರಲಿಲ್ಲ. ಅವನು ಇನ್ನೂ ಮರಳಿನಲ್ಲಿದ್ದಾನೆ, ಅಷ್ಟೆ. ಒಂದು ತರಗತಿಗೆ ಒಂದು ವರ್ಷ ಎಂಬ ಲೆಕ್ಕ ಬಂದ ಮೇಲೆ ಅದೇ ಹುಡುಗ 'ನಪಾಸು' ಆದನು. ಅವನಿಗಿಂತ ಕಿರಿಯರೊಂದಿಗೆ ಅದೇ ಪುಸ್ತಕದ ಮೊದಲ ಪುಟದಿಂದ ಮತ್ತೆ ತೊಡಗಬೇಕಾಯಿತು. ಕಲಿತಿದ್ದ ಅರ್ಧವೂ ಲೆಕ್ಕಕ್ಕೆ ಬರಲಿಲ್ಲ. 'ದಡ್ಡ' ಎಂಬ ಹಣೆಪಟ್ಟಿಯೊಂದಿಗೆ ಅವನು ಎರಡನೆಯ ವರ್ಷವೋ ಮೂರನೆಯ ವರ್ಷವೋ ಶಾಲೆ ಬಿಡುವುದು ಸ್ವಾಭಾವಿಕವಾಗಿತ್ತು. ಸ್ಥಗಿತತೆ ಅಪವ್ಯಯಕ್ಕೆ ದಾರಿ ಮಾಡಿತು. ಇದರ ಪೆಟ್ಟು ಹೆಚ್ಚಾಗಿ ಬಿದ್ದುದು ಮನೆಯಲ್ಲಿ ಅಕ್ಷರದ ಪರಿಚಯವಿಲ್ಲದ, ಕೆಲಸದ ದಿನಗಳಲ್ಲಿ ಶಾಲೆ ತಪ್ಪಿಸಿಕೊಳ್ಳಬೇಕಾದ ಮಕ್ಕಳ ಮೇಲೆ. ತೆರೆದ ಬಾಗಿಲಿನಿಂದ ಬಂದವರು ಸದ್ದಿಲ್ಲದೆ ಹೊರಗೆ ಹೋದರು.

ಸ್ವಾತಂತ್ರ್ಯಾನಂತರವೂ ಈ ಸ್ಥಿತಿ ಬೇಗ ಬದಲಾಗಲಿಲ್ಲ. 1964-66ರ ಕೊಠಾರಿ ಆಯೋಗ ನಪಾಸು ಮತ್ತು ಶಾಲೆ ತೊರೆಯುವಿಕೆ ಒಂದನೆಯ ತರಗತಿಯಲ್ಲಿಯೇ ಅತ್ಯಧಿಕವೆಂದು ಗುರುತಿಸಿ, ಒಂದು ಮತ್ತು ಎರಡನೆಯ ತರಗತಿಗಳನ್ನು ದರ್ಜೆಯ ಗೆರೆಯಿಲ್ಲದ ಒಂದೇ ಘಟಕವಾಗಿ ನಡೆಸಬೇಕೆಂದು ಸಲಹೆ ಮಾಡಿತು. ಗೆರೆಯನ್ನು ಅಳಿಸಿದ ಮೇಲೆ ಕೊಠಡಿಯೊಳಗೆ ದಿನನಿತ್ಯ ಏನು ನಡೆಯಬೇಕು ಎಂಬುದಕ್ಕೆ ಮೇಷ್ಟರ ಕೈಯಲ್ಲಿ ಸಾಮಗ್ರಿಯಿರಲಿಲ್ಲ. ಒಂದೇ ಪಠ್ಯಪುಸ್ತಕವಿರುವ ಕಡೆ ಹಲವು ಹೆಜ್ಜೆಗಳಿಗೆ ಎಡೆಯಿರುವುದು ಕಷ್ಟ.

ಬುದ್ಧಿಯ ವಯಸ್ಸು

ಇದೇ ಅವಧಿಯಲ್ಲಿ ಸಿದ್ಧತೆಯನ್ನು ಅಳೆಯುವ ಬೇರೊಂದು ಪ್ರಯತ್ನ ಮನಶ್ಶಾಸ್ತ್ರದ ಕಡೆಯಿಂದ ಬಂದಿತು. ಪ್ಯಾರಿಸಿನ ಆಲ್‌ಫ್ರೆಡ್ ಬಿನೆ, ಸಾಮಾನ್ಯ ತರಗತಿಯಲ್ಲಿ ಹಿಂದೆ ಬೀಳುವ ಮಕ್ಕಳಿಗೆ ವಿಶೇಷ ನೆರವು ದೊರಕಿಸುವ ಸಲುವಾಗಿ 1905ರಲ್ಲಿ ತನ್ನ ಮೊದಲ ಮಾಪನವನ್ನು ಸಿದ್ಧಪಡಿಸಿದನು. 1908ರ ಪರಿಷ್ಕರಣದಲ್ಲಿ ಮಗುವಿನ ಹುಟ್ಟಿದ ವಯಸ್ಸಿಗಿಂತ ಭಿನ್ನವಾದ ಮಾನಸಿಕ ಮಟ್ಟದ ಕಲ್ಪನೆ ಸ್ಪಷ್ಟರೂಪ ಪಡೆಯಿತು. ಕನ್ನಡದ ಮಕ್ಕಳಿಗೆ ಈ ಮಾಪನವನ್ನು ಅಳವಡಿಸಿದ ಕೀರ್ತಿ ವಿ. ವಿ. ಕಾಮತ್ ಅವರದು. ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗಾಗಿ ಅವರು ನಡೆಸಿದ ಮುಂಬಯಿ-ಕರ್ನಾಟಕ ಪರಿಷ್ಕರಣ 1940ರಲ್ಲಿ ಗ್ರಂಥರೂಪದಲ್ಲಿ ಹೊರಬಂದಿತು. ಪ್ರಶ್ನೆಗಳನ್ನು ಭಾಷಾಂತರಿಸಿದರೆ ಸಾಲದು, ಮಗು ಕಂಡು ಬಳಸಿದ ವಸ್ತುಗಳಿಂದಲೇ ಅವುಗಳನ್ನು ಕಟ್ಟಬೇಕು ಎಂಬ ಅರಿವಿನಿಂದ ಕೂಡಿದ ಈ ಕೆಲಸ ಮುಂದೆ 'ಬಿನೆ-ಕಾಮತ್ ಪರೀಕ್ಷೆ' ಎಂದು ಹೆಸರಾಗಿ, ಬುದ್ಧಿಮಾಂದ್ಯದ ತಪಾಸಣೆಗೆ ಆಸ್ಪತ್ರೆಗಳಲ್ಲಿ ದೀರ್ಘಕಾಲ ಬಳಕೆಯಾಯಿತು.

ಗಮನಿಸಬೇಕಾದ ಅಂಶವೆಂದರೆ, ಈ ಮಾಪನ ನೆಲೆ ಕಂಡುದು ಪರೀಕ್ಷಾಲಯದಲ್ಲಿ. ಹಳ್ಳಿಯ ಶಾಲೆಯ ಪಾಠದ ಕ್ರಮವನ್ನು ಅದು ಬದಲಿಸಲಿಲ್ಲ. ಬಿನೆ ಮಾಪನವನ್ನು ರೂಪಿಸಿದ್ದು ನೆರವಿಗಾಗಿ. ಬುದ್ಧಿಯ ಪ್ರಮಾಣ ಎಂದೆಂದಿಗೂ ಬದಲಾಗದೆಂಬ ನಂಬಿಕೆಯನ್ನು ಅವನು ಒಪ್ಪಿರಲಿಲ್ಲ. ಆದರೆ ಅವನ ನಂತರ ಅನೇಕ ದೇಶಗಳಲ್ಲಿ ಮಾಪನ ಮಕ್ಕಳನ್ನು ಬೇರ್ಪಡಿಸುವ ಜರಡಿಯಾಯಿತು. ಓದಿನ ಸಿದ್ಧತೆಯ ವಿಚಾರದಲ್ಲಿಯೂ ಇಂಥದೇ ತಿರುವು ಕಾಣುತ್ತದೆ. ಅಮೆರಿಕದ ವಿನೆಟ್ಕಾದಲ್ಲಿ ಮಾರ್ಫೆಟ್ ಮತ್ತು ವಾಶ್‌ಬರ್ನ್ 1931ರಲ್ಲಿ ಪ್ರಕಟಿಸಿದ ಅಧ್ಯಯನ, ಆರೂವರೆ ವರ್ಷದ ಮಾನಸಿಕ ವಯಸ್ಸು ಓದನ್ನು ತೊಡಗಲು ತಕ್ಕುದೆಂದು ಹೇಳಿತು. ಅದರ ಫಲವಾಗಿ ಮಗು ತಾನಾಗಿ ಸಿದ್ಧವಾಗುವವರೆಗೆ ಕಾಯುವುದೇ ಶಿಕ್ಷಕನ ಕರ್ತವ್ಯ ಎಂಬ ಭಾವನೆ ಬಲಗೊಂಡಿತು. ರಷ್ಯದ ಲೆವ್ ವೈಗಾಟ್‌ಸ್ಕಿ ಇದಕ್ಕೆ ಭಿನ್ನವಾದ ದಾರಿಯನ್ನು ತೋರಿಸಿದನು. ಮಗು ಇಂದು ಇನ್ನೊಬ್ಬರ ನೆರವಿನಿಂದ ಮಾಡಬಲ್ಲದ್ದನ್ನು ನಾಳೆ ತಾನೊಬ್ಬನೇ ಮಾಡಬಲ್ಲದು. ಪಾಠ ಇರಬೇಕಾದುದು ಈ ಎರಡರ ನಡುವಣ ಎಡೆಯಲ್ಲಿ ಎಂಬುದು ಅವನ ವಿಚಾರದ ತಿರುಳು. ಈ ನೋಟದಲ್ಲಿ ಸಿದ್ಧತೆ ಎಂಬುದು ಮಗುವಿನೊಳಗೆ ತಾನಾಗಿ ಮಾಗುವ ಹಣ್ಣಲ್ಲ. ಕಲಿಸುವವರು, ಜೊತೆಗಾರರು, ಸಾಮಗ್ರಿ ಇವು ಕೂಡಿ ಉಂಟುಮಾಡುವ ಸ್ಥಿತಿ. ಐಗಳ ಮಠದಲ್ಲಿ ಹಿರಿಯ ಹುಡುಗ ಕಿರಿಯನ ಬೆರಳು ಹಿಡಿದು ಮರಳಿನಲ್ಲಿ ತಿದ್ದಿಸುತ್ತಿದ್ದುದಕ್ಕೆ ಶಾಸ್ತ್ರದ ಭಾಷೆಯಲ್ಲಿ ದೊರೆತ ಸಮರ್ಥನೆ ಇದೆನ್ನಬಹುದು.

ಮಾರಿಯಾ ಮಾಂಟೆಸ್ಸರಿ 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು, ಯುದ್ಧದ ವರ್ಷಗಳನ್ನು ಭಾರತದಲ್ಲಿಯೇ ಕಳೆದು ಶಿಕ್ಷಕರಿಗೆ ತರಬೇತಿ ನೀಡಿದರು. ಬೇರೆ ಬೇರೆ ವಯಸ್ಸಿನ ಮಕ್ಕಳು ಒಂದೇ ಕೊಠಡಿಯಲ್ಲಿ ತಂತಮ್ಮ ಸಾಮಗ್ರಿಯೊಂದಿಗೆ ತಂತಮ್ಮ ವೇಗದಲ್ಲಿ ಕಲಿಯುವ ಅವರ ವಿಧಾನ ಭಾರತದ ನಗರಗಳಲ್ಲಿ ಹರಡಿತು. ಆದರೆ ಸಾಮಗ್ರಿಯ ಬೆಲೆ, ತರಬೇತಿಯ ವೆಚ್ಚಗಳಿಂದಾಗಿ ಅದು ಬಹುಮಟ್ಟಿಗೆ ಶುಲ್ಕ ಕೊಡಬಲ್ಲವರ ಮಕ್ಕಳಿಗೆ ಸೀಮಿತವಾಯಿತು. ರೋಮ್ ನಗರದ ಬಡವರ ಕೇರಿಯಲ್ಲಿ 1907ರಲ್ಲಿ ಹುಟ್ಟಿದ ವಿಧಾನಕ್ಕೆ ಇಂಥ ಗತಿ ಬಂದುದು ವಿಪರ್ಯಾಸ.

ಹೆಗ್ಗಡದೇವನಕೋಟೆಯ ಏಣಿ

ಬಡಮಕ್ಕಳ ಸರ್ಕಾರಿ ಶಾಲೆಯಲ್ಲಿ ಇಂಥ ಕ್ರಮ ಸಾಧ್ಯವೇ ಎಂಬ ಪ್ರಶ್ನೆಗೆ ಉತ್ತರ ದೊರೆತುದು ಆಂಧ್ರಪ್ರದೇಶದ ಋಷಿವ್ಯಾಲಿಯಿಂದ. ಜೆ. ಕೃಷ್ಣಮೂರ್ತಿಯವರ ಚಿಂತನೆಯ ನೆಲೆಯಲ್ಲಿ ನಡೆಯುತ್ತಿದ್ದ ಅಲ್ಲಿನ ಶಾಲೆಯ ಆಶ್ರಯದಲ್ಲಿ ಸುತ್ತಣ ಹಳ್ಳಿಗಳಿಗಾಗಿ ಏಕೋಪಾಧ್ಯಾಯ ಶಾಲೆಗಳು ತೆರೆದಿದ್ದವು. ವೈ. ಎ. ಪದ್ಮನಾಭರಾವ್ ಮತ್ತು ರಮಾ ಅವರು ಈ ಶಾಲೆಗಳಿಗಾಗಿ ಪಠ್ಯವನ್ನು ಸಣ್ಣ ಸಣ್ಣ ಕಾರ್ಡುಗಳಾಗಿ ಒಡೆದು, ಅವುಗಳನ್ನು ಏಣಿಯ ಮೆಟ್ಟಿಲುಗಳಂತೆ ಜೋಡಿಸಿದ್ದರು. ಒಬ್ಬರೇ ಶಿಕ್ಷಕರು ಹಲವು ಮಟ್ಟದ ಮಕ್ಕಳನ್ನು ಒಟ್ಟಿಗೆ ನಡೆಸಲು ಇದರಿಂದ ಸಾಧ್ಯವಾಗಿತ್ತು. ಇದನ್ನು ಕಂಡು ಬಂದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲಾ ಶಿಕ್ಷಕರು, ಯುನಿಸೆಫ್ ನೆರವಿನೊಂದಿಗೆ 1995ರಲ್ಲಿ ಕನ್ನಡದ ಮಕ್ಕಳಿಗಾಗಿ ತಮ್ಮದೇ ಕಾರ್ಡುಗಳನ್ನು, ಹಾಡುಗಳನ್ನು, ಆಟಗಳನ್ನು ಕಟ್ಟಿಕೊಂಡರು. ಅದಕ್ಕೆ 'ನಲಿ-ಕಲಿ' ಎಂದು ಹೆಸರಾಯಿತು.

ಈ ತಾಲ್ಲೂಕನ್ನು ಪ್ರಯೋಗದ ನೆಲವನ್ನಾಗಿ ನೋಡುವಾಗ ಅದರ ಸ್ವರೂಪವನ್ನೂ ಗಮನಿಸಬೇಕು. ಕಾಡಂಚಿನ ಊರುಗಳು, ಜೇನುಕುರುಬ, ಕಾಡುಕುರುಬ ಮೊದಲಾದ ಸಮುದಾಯಗಳ ಹಾಡಿಗಳು, ಕೂಲಿಯ ಕಾಲಕ್ಕೆ ತಂದೆತಾಯಿಗಳೊಂದಿಗೆ ಬೇರೆಡೆಗೆ ಹೋಗಿಬರುವ ಮಕ್ಕಳು. ಪಠ್ಯಪುಸ್ತಕದ ಶಾಲೆಯಲ್ಲಿ ಒಂದು ತಿಂಗಳು ತಪ್ಪಿದ ಮಗುವಿಗೆ ಪಾಠ ಎಷ್ಟೋ ಪುಟ ಮುಂದೆ ಹೋಗಿರುತ್ತದೆ. ಏಣಿಯ ಶಾಲೆಯಲ್ಲಿ ಆ ಮಗು ಇಳಿದುಹೋದ ಮೆಟ್ಟಿಲಿನಲ್ಲಿಯೇ ಮತ್ತೆ ಕಾಲಿಡಬಹುದು. ಅಪವ್ಯಯ ಮತ್ತು ಸ್ಥಗಿತತೆಗಳ ನಡುವಣ ಕೊಂಡಿಯನ್ನು ಕಳಚುವ ಉಪಾಯ ಇದರಲ್ಲಿತ್ತು.

ನಲಿ-ಕಲಿ ಕೊಠಡಿಯಲ್ಲಿ ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಟ್ಟಿಗೆ ಕುಳಿತುಕೊಳ್ಳುತ್ತಾರೆ. ಗುಂಪುಗಳಿಗೆ 'ತಟ್ಟೆ' ಎಂದು ಹೆಸರು. ವಿಂಗಡಣೆ ತರಗತಿಯಿಂದಲ್ಲ, ಆ ಹೊತ್ತಿನ ಚಟುವಟಿಕೆಗೆ ಮಗುವಿಗೆ ಎಷ್ಟು ನೆರವು ಬೇಕೆಂಬುದರಿಂದ. ಶಿಕ್ಷಕರ ಪೂರ್ಣ ನೆರವು ಬೇಕಾದವರು, ಭಾಗಶಃ ನೆರವು ಸಾಕಾದವರು, ಗೆಳೆಯರ ನೆರವಿನಿಂದ ಕಲಿಯಬಲ್ಲವರು, ತಾವೇ ಮಾಡಿಕೊಳ್ಳಬಲ್ಲವರು ಹೀಗೆ. ಒಂದೇ ಮಗು ಒಂದೇ ದಿನದಲ್ಲಿ ಒಂದು ತಟ್ಟೆಯಿಂದ ಇನ್ನೊಂದಕ್ಕೆ ಹೋಗಬಹುದು. ಗೋಡೆಯ ಕೆಳಭಾಗದಲ್ಲಿ ಮಕ್ಕಳ ಕೈಗೆಟುಕುವ ಕಪ್ಪು ಹಲಗೆ, ತಲೆಯ ಮೇಲೆ ಮಕ್ಕಳ ಕೈಕೆಲಸ ತೂಗುಹಾಕಿದ ಚಪ್ಪರ, ಯಾರು ಯಾವ ಮೈಲಿಗಲ್ಲನ್ನು ದಾಟಿದ್ದಾರೆಂದು ತೋರಿಸುವ ಪ್ರಗತಿನೋಟ ಇವು ಕೊಠಡಿಯ ಇತರ ಅಂಗಗಳು. ಕಾರ್ಡಿನ ಮೇಲಿನ ಚಿಹ್ನೆಯನ್ನು ಏಣಿಯ ಚಿತ್ರದೊಂದಿಗೆ ಹೋಲಿಸಿ ತನ್ನ ಮುಂದಿನ ಹೆಜ್ಜೆಯನ್ನು ಮಗುವೇ ಕಂಡುಕೊಳ್ಳುತ್ತದೆ.

ಅಕ್ಷರಕ್ರಮದಲ್ಲಿಯೂ ಒಂದು ದಿಟ್ಟ ಬದಲಾವಣೆಯಾಯಿತು. ವರ್ಣಮಾಲೆಯ ಅ, ಆ, ಇ, ಈ ಎಂಬ ಸಾಲು ವ್ಯಾಕರಣದ ದೃಷ್ಟಿಯಿಂದ ಸೊಗಸಾದುದು. ಉಚ್ಚಾರಣೆಯ ಸ್ಥಾನಗಳನ್ನು ಅರಿತವರು ಹೊಂದಿಸಿದ ಕ್ರಮ ಅದು. ಆದರೆ ಮೊದಲ ಐದು ಸ್ವರಗಳನ್ನು ಕಲಿತ ಮಗು ಅವುಗಳಿಂದ ಓದಬಹುದಾದ ಪದಗಳು ಬಹಳ ವಿರಳ. ನಲಿ-ಕಲಿ ರ, ಗ, ಸ, ದ, ಅ ಎಂಬ ಅಕ್ಷರಗಳಿಂದ ತೊಡಗಿತು. ಈ ಐದರಿಂದಲೇ ಸರ, ದರ, ಅರಸ, ಗರಗಸ ಎಂದು ಓದಬಹುದು. ಗುಣಿತವಿಲ್ಲ, ಒತ್ತಿಲ್ಲ, ಆದರೂ ಓದು ಉಂಟು. ಓದು ಎಂದರೆ ಅರ್ಥ ಎಂಬ ಅನುಭವ ಮೊದಲ ವಾರಗಳಲ್ಲಿಯೇ ಮಗುವಿಗೆ ಆಗುತ್ತದೆ. ಕೈಯ ಸಿದ್ಧತೆಯನ್ನು ಮಾತ್ರ ನೋಡಿ ಅರ್ಥವನ್ನು ಮರೆತಿದ್ದ ಹಳೆಯ ಶಾಲೆಯ ದೋಷಕ್ಕೆ ಇಲ್ಲಿ ಪರಿಹಾರ ಕಾಣುತ್ತದೆ.

2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಪ್ರಾಥಮಿಕ ಶಾಲೆಗಳ ಆರಂಭಿಕ ತರಗತಿಗಳಿಗೆ ಈ ಕ್ರಮ ವಿಸ್ತರಿಸಿತು. ವಿಸ್ತರಣೆಯೊಂದಿಗೆ ತೊಡಕುಗಳೂ ಬಂದವು. ಶಿಕ್ಷಕರು ತಾವೇ ಕಟ್ಟಿದ ಸಾಮಗ್ರಿ ಅವರ ಕೈಯಲ್ಲಿ ಜೀವಂತವಾಗಿತ್ತು. ಇಲಾಖೆಯಿಂದ ಪೆಟ್ಟಿಗೆಯಲ್ಲಿ ಬಂದ ಸಾಮಗ್ರಿ ಎಷ್ಟೋ ಕಡೆ ಮತ್ತೊಂದು ಪಠ್ಯಪುಸ್ತಕವಾಯಿತು. ಮಕ್ಕಳು ಕಲಿತರೇ ಎಂಬುದರ ಬದಲು ಕಾರ್ಡು ಮುಗಿಯಿತೇ ಎಂಬುದು ತಪಾಸಣೆಯ ಪ್ರಶ್ನೆಯಾಗುವ ಅಪಾಯ ತಲೆದೋರಿತು. ಸವೆದ ಕಾರ್ಡುಗಳು, ಶಿಕ್ಷಕರ ಕೊರತೆ, ವರ್ಗಾವಣೆ ಇವುಗಳ ಜೊತೆಗೆ, ಮೂರನೆಯ ತರಗತಿಯವರೆಗೆ ತಮ್ಮ ಹೆಜ್ಜೆಯಲ್ಲಿ ನಡೆದ ಮಕ್ಕಳು ನಾಲ್ಕರಲ್ಲಿ ಏಕಾಏಕಿ ಪಠ್ಯಪುಸ್ತಕದ ವೇಗಕ್ಕೆ ಹೊಂದಿಕೊಳ್ಳಬೇಕಾದ ಸಮಸ್ಯೆಯೂ ಇದೆ. ನಲಿಯುವುದು ಸರಿ, ಕಲಿಯುವುದು ಎಲ್ಲಿ ಎಂಬ ಪೋಷಕರ ಸಂದೇಹ, ಖಾಸಗಿ ಶಾಲೆಯ ಮಗು ಹೊರುವ ಪುಸ್ತಕದ ಚೀಲವನ್ನು ಕಂಡಾಗ ಇನ್ನಷ್ಟು ಹೆಚ್ಚುತ್ತದೆ.

ಹಕ್ಕಿನ ಕಾನೂನು ಮತ್ತು ತಿಂಗಳುಗಳ ಲೆಕ್ಕ

ನಲಿ-ಕಲಿ ರಾಜ್ಯಕ್ಕೆ ಹರಡಿದ ಹೊತ್ತಿನಲ್ಲಿಯೇ ಸಂಸತ್ತು 2009ರ ಶಿಕ್ಷಣ ಹಕ್ಕು ಕಾಯಿದೆಯನ್ನು ಅಂಗೀಕರಿಸಿತು. 2010ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂದಿತು. ಶಾಲೆಗೆ ಸೇರದ ಅಥವಾ ಶಾಲೆ ಬಿಟ್ಟ, ಆರು ವರ್ಷ ಮೀರಿದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು ಎಂದು ಕಾಯಿದೆಯ ನಾಲ್ಕನೆಯ ಪ್ರಕರಣ ವಿಧಿಸುತ್ತದೆ. ಹತ್ತು ವರ್ಷದ ಬಾಲಕಿಯನ್ನು ಆರು ವರ್ಷದ ಮಕ್ಕಳ ನಡುವೆ ಕುಳ್ಳಿರಿಸುವ ಅವಮಾನವನ್ನು ತಪ್ಪಿಸುವುದು ಇದರ ಆಶಯ. ಆದರೆ ಅದೇ ಪ್ರಕರಣ, ಸಹಪಾಠಿಗಳ ಮಟ್ಟಕ್ಕೆ ಬರಲು ಆ ಮಗುವಿಗೆ ವಿಶೇಷ ತರಬೇತಿ ಪಡೆಯುವ ಹಕ್ಕನ್ನೂ ಕೊಡುತ್ತದೆ. ವಯಸ್ಸು ಮಗುವಿನ ಸ್ಥಾನವನ್ನು ನಿರ್ಧರಿಸಲಿ, ಸಿದ್ಧತೆ ಪಾಠವನ್ನು ನಿರ್ಧರಿಸಲಿ ಎಂಬ ವಿವೇಕ ಇಲ್ಲಿ ಅಡಗಿದೆ. ಆಚರಣೆಯಲ್ಲಿ ಮೊದಲ ಭಾಗ ದಾಖಲಾತಿ ಪುಸ್ತಕದಲ್ಲಿ ಸುಲಭವಾಗಿ ನೆರವೇರುತ್ತದೆ; ಎರಡನೆಯ ಭಾಗಕ್ಕೆ ಶಿಕ್ಷಕರೂ ಸಾಮಗ್ರಿಯೂ ಬಿಡುವೂ ಬೇಕು. ಎರಡನೆಯದು ಇಲ್ಲದೆ ಮೊದಲನೆಯದೊಂದೇ ನಡೆದಾಗ ಹಳೆಯ ಸ್ಥಗಿತತೆ ಹೊಸ ವೇಷ ಧರಿಸುತ್ತದೆ. ಮಗು ತರಗತಿಯಿಂದ ತರಗತಿಗೆ ಏರುತ್ತದೆ. ಅದರ ಓದು ಮಾತ್ರ ನಿಂತಲ್ಲಿಯೇ ನಿಂತಿರುತ್ತದೆ.

ಇತ್ತೀಚಿನ ವರ್ಷಗಳ ಚರ್ಚೆಯೊಂದನ್ನು ಈ ಹಿನ್ನೆಲೆಯಲ್ಲಿ ನೋಡಬಹುದು. ಒಂದನೆಯ ತರಗತಿಗೆ ಸೇರುವ ಮಗುವಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂದು ಕರ್ನಾಟಕ ಸರ್ಕಾರ 2022ರಲ್ಲಿ ಆದೇಶಿಸಿ, 2025-26ರಿಂದ ಜಾರಿಗೊಳಿಸಲು ನಿರ್ಧರಿಸಿತು. ಕೆಲವೇ ವಾರಗಳ ಅಂತರದಿಂದ ಮಗು ಒಂದು ವರ್ಷ ಕಳೆದುಕೊಳ್ಳುತ್ತದೆಂದು ಪೋಷಕರು ಕಳವಳಪಟ್ಟಾಗ, 2025ರಲ್ಲಿ ಆ ಒಂದು ಶೈಕ್ಷಣಿಕ ವರ್ಷಕ್ಕೆ ಮಿತಿಯನ್ನು ಐದು ವರ್ಷ ಐದು ತಿಂಗಳಿಗೆ ಸಡಿಲಿಸಲಾಯಿತು. ಎಳೆಯ ಮಕ್ಕಳ ಮೇಲೆ ಅಕಾಲದಲ್ಲಿ ಓದಿನ ಹೊರೆ ಬೀಳದಿರಲಿ ಎಂಬ ಸರ್ಕಾರದ ಕಾಳಜಿಯೂ, ವರ್ಷ ವ್ಯರ್ಥವಾಗದಿರಲಿ ಎಂಬ ಪೋಷಕರ ಕಾಳಜಿಯೂ ನ್ಯಾಯವಾದವೇ. ಆದರೆ ಎರಡೂ ಕಡೆಯವರು ಒಂದೇ ಊಹೆಯ ಮೇಲೆ ವಾದಿಸಿದರು: ಒಳಗೆ ಬಂದ ಮೇಲೆ ಎಲ್ಲರೂ ಒಂದೇ ಪುಟದಲ್ಲಿ ಒಟ್ಟಿಗೆ ನಡೆಯಬೇಕು. ಆ ಊಹೆ ನಿಜವಾಗಿರುವವರೆಗೆ ಐದಾರು ತಿಂಗಳ ಅಂತರ ಮಗುವಿನ ಹಣೆಬರಹವನ್ನೇ ಬದಲಿಸಬಹುದು. ಏಣಿಯ ಕೊಠಡಿಯಲ್ಲಿ ಅದೇ ಅಂತರ ಎರಡು ಮೂರು ಮೆಟ್ಟಿಲುಗಳ ಅಂತರ ಮಾತ್ರ.

ಎರಡು ಶತಮಾನಗಳ ಈ ಚರಿತ್ರೆಯಿಂದ ಹೊರಡುವ ನಿಲುವು ಸರಳವಾದುದು. ಸಿದ್ಧತೆಯನ್ನು ಗಮನಿಸಿದ ಐಗಳ ಮಠ ಬಹುಪಾಲು ಮಕ್ಕಳನ್ನು ಹೊರಗೆ ಬಿಟ್ಟಿತು. ವಯಸ್ಸನ್ನು ಗಮನಿಸಿದ ಇಲಾಖೆಯ ಶಾಲೆ ಎಲ್ಲರನ್ನೂ ಕರೆದು, ಹೆಜ್ಜೆ ತಪ್ಪಿದವರನ್ನು ದಾರಿಯಲ್ಲಿ ಕೈಬಿಟ್ಟಿತು. ಶಾಲೆಗೆ ಬರುವ ಹಕ್ಕಿಗೆ ವಯಸ್ಸು, ಶಾಲೆಯೊಳಗಿನ ಪಾಠಕ್ಕೆ ಸಿದ್ಧತೆ ಎಂದು ಎರಡು ಅಳತೆಗಳನ್ನು ಅವುಗಳ ಎಡೆಯಲ್ಲಿ ಇರಿಸಿದ ಪ್ರಯತ್ನವೆಂಬ ಕಾರಣಕ್ಕೆ ನಲಿ-ಕಲಿಗೆ ಈ ಚರಿತ್ರೆಯಲ್ಲಿ ಮಹತ್ವವಿದೆ. ಮಗು ಸಿದ್ಧವಾಗಿಲ್ಲ ಎಂಬ ಮಾತು ಮಗುವನ್ನು ಕುರಿತ ತೀರ್ಪಾಗಬಾರದು. ಕಲಿಸುವವರ ಮುಂದಿನ ಕೆಲಸ ಯಾವುದೆಂಬುದರ ಸೂಚನೆಯಾಗಬೇಕು. ಮರಳಿನ ಮೇಲೆ ತಿದ್ದುತ್ತಿರುವ ಮಗುವಿಗೆ ಕಡತ ಸಿಗುವುದು ತಡವಾಗಬಹುದು. ಅದು ಸಿಗುವವರೆಗೆ ಅದರ ಬೆರಳು ಹಿಡಿಯುವ ಕೈಯೊಂದು ಪಕ್ಕದಲ್ಲಿ ಇರುವಂತೆ ನೋಡಿಕೊಳ್ಳುವುದು ಸರ್ಕಾರದ, ಸಮಾಜದ ಹೊಣೆ.